ಹಗೇವಿನ ಮೇಲೆ ನಿಂತವರು

ಸೇತುವೆ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮನೆಗೆ ಬಂದರೆ ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ: ನಿಮ್ಮ ಕಾಲದಲ್ಲಿ ಪ್ರವಾಹದ ಲೆಕ್ಕ ಹೇಗೆ ಹಾಕುತ್ತಿದ್ದಿರಿ? ಊರಿನವರನ್ನು ಕೇಳುತ್ತಿದ್ದೆವು ಎಂದರೆ ನಗುತ್ತಾರೆ. ನಗಲಿ. ಹಳ್ಳದ ಮೇಲೆ ಸೇತುವೆ ನಿಲ್ಲಬೇಕಾದರೆ ಆ ಹಳ್ಳ ತನ್ನ ಅತಿ ಕೆಟ್ಟ ದಿನ ಎಷ್ಟು ಎತ್ತರ ಏರುತ್ತದೆ ಎನ್ನುವುದು ಗೊತ್ತಿರಬೇಕು. ಆ ದಿನ ನಾವು ಅಲ್ಲಿರುವುದಿಲ್ಲ, ನಮ್ಮ ಅಳತೆಕೋಲೂ ಇರುವುದಿಲ್ಲ. ಇದ್ದವರು ಊರಿನವರು. ಅವರಿಗೆ ನೆನಪಿದೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರ ನಡುವೆ ಅಲೆಯುತ್ತಿದ್ದ ಸರ್ಕಾರಿ ಓವರ್‌ಸಿಯರ್ ನಾನು. ನೀರು ಎಷ್ಟು ಬಂದಿತ್ತು ಎಂದು ಯಾರನ್ನು ಕೇಳಿದರೂ ಮೊದಲು ತಮ್ಮ ಮೈಯನ್ನೇ ತೋರಿಸುತ್ತಿದ್ದರು: ಮೊಣಕಾಲು, ಸೊಂಟ, ಎದೆ. ಎರಡು ವರ್ಷ ಬಿಟ್ಟು ಅದೇ ಊರಿಗೆ ಹೋದರೆ ಸೊಂಟ ತೋರಿಸಿದವನು ಎದೆ ತೋರಿಸುತ್ತಿದ್ದ. ಹಳ್ಳ ಯಾವಾಗಲೋ ಇಳಿದಿರುತ್ತದೆ, ನೆನಪಿನಲ್ಲಿ ಮಾತ್ರ ಏರುತ್ತಲೇ ಇರುತ್ತದೆ. ಅದಕ್ಕೇ ನಾವು ಒಂದು ಗುರುತನ್ನು ನಂಬುತ್ತಿರಲಿಲ್ಲ. ಖಂಡಿತ ಮುಳುಗಿದ ಒಂದು ಜಾಗ, ಖಂಡಿತ ಮುಳುಗದ ಒಂದು ಜಾಗ, ಎರಡನ್ನೂ ಹುಡುಕಿ, ನಿಜ ಇವೆರಡರ ನಡುವೆ ಎಲ್ಲೋ ಇದೆ ಎಂದು ಗೆರೆ ಎಳೆಯುತ್ತಿದ್ದೆವು. ಈಗ ನನ್ನ ನೆನಪನ್ನೂ ಹಾಗೆಯೇ ಅಳೆಯುತ್ತೇನೆ. ಬೇರೆ ದಾರಿ ಕಾಣೆ.

ಮಳೆಯ ದಾಖಲೆ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಒಂದು ತಾಲ್ಲೂಕಿನಲ್ಲಿ, ಯಾವುದೆಂದು ಬೇಡ, ಹಳೆಯ ವರ್ಷಗಳ ಅತಿ ದೊಡ್ಡ ಮಳೆಗಳನ್ನು ಹುಡುಕುತ್ತಾ ಹೋದರೆ ಎಲ್ಲವೂ ಒಂದೇ ಅಂಕಿ. ಪ್ರಕೃತಿಗೆ ಇಷ್ಟು ಶಿಸ್ತು ಎಲ್ಲಿಂದ ಬಂತು ಎಂದು ಬೆರಗಾಗಿ ಮಳೆಮಾಪಕ ನೋಡಲು ಹೋದೆ. ಒಳಗಿನ ಸೀಸೆ ಅಷ್ಟೇ ಹಿಡಿಯುತ್ತಿತ್ತು. ಮಿಕ್ಕ ಮಳೆ ತುಂಬಿ ಹೊರಗೆ ಚೆಲ್ಲಿ ಹೋಗುತ್ತಿತ್ತು.

"ಚೆಲ್ಲಿದ್ದನ್ನು ಯಾಕೆ ಬರೆಯಲಿಲ್ಲ?" ಎಂದು ಅಲ್ಲಿನ ಗುಮಾಸ್ತರನ್ನು ಕೇಳಿದೆ.

"ಚೆಲ್ಲಿದ್ದನ್ನು ಅಳೆಯೋದು ಹೇಗೆ ಸ್ವಾಮಿ, ನೀವೇ ಹೇಳಿ" ಎಂದರು. ನಮಗೆ ಬೇಕಾದ ಮಳೆಯೆಲ್ಲ ಆ ಚೆಲ್ಲಿದ್ದರಲ್ಲೇ ಇತ್ತು.

ನಮ್ಮ ಮೇಲಿನ ಎಕ್ಸಿಕ್ಯುಟಿವ್ ಇಂಜಿನಿಯರರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅಚ್ಚುಕಟ್ಟು ಮನುಷ್ಯ. ಕೋಪ ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು. ಜನ ಸುಳ್ಳು ಹೇಳುತ್ತಾರೆ, ಮರ ಹೇಳುವುದಿಲ್ಲ ಎನ್ನುವುದು ಅವರ ಮೊದಲ ಸಿದ್ಧಾಂತ. ಪ್ರವಾಹ ಇಳಿಯುವಾಗ ಕಸಕಡ್ಡಿ ಕೊಂಬೆಗಳಿಗೆ ಸಿಕ್ಕಿಕೊಳ್ಳುತ್ತದಲ್ಲ, ಅದೇ ಸಾಕ್ಷಿ ಎನ್ನುತ್ತಿದ್ದರು. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಯ ಕಡೆಗೆ ಒಂದು ಒಣ ಹಳ್ಳ ನೋಡಲು ಹೋದಾಗ ದಡದ ಹುಣಸೆಮರದ ಕವಲಿನಲ್ಲಿ ಒಣಹುಲ್ಲು ಕಂಡಿತು. ಸಾಹೇಬರ ಮುಖ ಅರಳಿತು. ಮರ ಹತ್ತಿಸಿ ಅಳತೆ ತೆಗೆಸಿದರು, ಅಲ್ಲೇ ಕುಳಿತು ಲೆಕ್ಕ ಹಾಕಿದರು. ಅಂಥ ಪ್ರವಾಹ ಆ ಸೀಮೆಯಲ್ಲಿ ಯಾರೂ ಕೇಳಿಲ್ಲ ಎಂದು ಸಂತೋಷಪಟ್ಟರು. ಅಷ್ಟರಲ್ಲಿ ಒಬ್ಬ ರೈತ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದ. ನಮ್ಮ ಕಡೆ ನೋಡದೆ ಮರ ಹತ್ತಿ ಹುಲ್ಲನ್ನು ಹೊರೆ ಕಟ್ಟತೊಡಗಿದ.

"ಏನಪ್ಪಾ ಅದು?" ಎಂದರು ಸಾಹೇಬರು.

"ಎತ್ಗೆ ಮೇವು ಸಾ. ಕೆಳಗೆ ಮಡಗಿದ್ರೆ ಆಡು ಬುಟ್ಟಾವಾ?"

ಸಾಹೇಬರು ಕಾಗದ ಸುತ್ತಿ ಜೇಬಿಗಿಟ್ಟರು. ಆಮೇಲೆ ಅವರಿಗೆ ಮರದ ಮೇಲೂ ನಂಬಿಕೆ ಹೋಯಿತು, ಉಳಿದದ್ದು ಸೂತ್ರ ಒಂದೇ. ಹಳ್ಳಕ್ಕೆ ನೀರು ಹರಿದುಬರುವ ನೆಲದ ವಿಸ್ತೀರ್ಣ ಹಾಕಿ, ಒಂದು ಗುಣಕದಿಂದ ಗುಣಿಸಿದರೆ ಪ್ರವಾಹ ಬರುತ್ತದೆ. ಗುಣಕವನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕು. ಮಲೆಸೀಮೆಗೆ ಇಷ್ಟು, ಬಯಲಿಗೆ ಇಷ್ಟು ಎಂದು ಪಟ್ಟಿ ಇತ್ತು. ಅರಕಲಗೂಡು ಎರಡರ ನಡುವೆ ಬಿದ್ದಿದ್ದರಿಂದ ಅಲ್ಲಿನ ಗುಣಕವನ್ನು ಸಾಹೇಬರ ಅಂದಿನ ಮನಸ್ಥಿತಿಯೇ ನಿರ್ಧರಿಸುತ್ತಿತ್ತು.

ಈಗ ನಾನು ಹೇಳಬೇಕೆಂದಿದ್ದ ಊರಿಗೆ ಬರುತ್ತೇನೆ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ, ಹೇಮಾವತಿಗೆ ಸೇರುವ ಒಂದು ಹಳ್ಳದ ಆಚೆ ದಡದಲ್ಲಿದೆ. ಹೆಸರು ಬರೆಯುವುದಿಲ್ಲ, ಕಾರಣ ನಿಮಗೇ ತಿಳಿಯುತ್ತದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಆ ಊರಿಗೆ ಪೇಟೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ನಾನು ಅಲ್ಲಿಗೆ ಹೋಗುವ ಹಿಂದಿನ ವರ್ಷ ಪಟೇಲ ನಂಜೇಗೌಡರ ಹೆಂಡತಿಗೆ ಹೆರಿಗೆ ನೋವು ಬಂದು, ಗಾಡಿ ಕಟ್ಟಿಕೊಂಡು ಹೊರಟು, ನೀರು ಇಳಿಯಲೆಂದು ದಡದಲ್ಲೇ ಕಾದಿದ್ದರು. ನೀರು ಇಳಿಯುವ ಮೊದಲೇ ಮಗು ಗಾಡಿಯಲ್ಲಿ ಹುಟ್ಟಿತು. ತಾಯಿ ಬದುಕಿದ್ದು ದೊಡ್ಡದು. ಮಗುವಿಗೆ ಏನು ಹೆಸರಿಟ್ಟರೂ ಊರು ಕರೆಯುತ್ತಿದ್ದದ್ದು ಹಳ್ಳಪ್ಪ ಎಂದೇ. ಅಂದಿನಿಂದ ನಂಜೇಗೌಡರು ಸೇತುವೆ ಬೇಕೆಂದು ಹಾಸನಕ್ಕೆ ಅಲೆಯುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲ. ಸಿಮೆಂಟು, ಕಬ್ಬಿಣ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲ್ಲು ಗಾರೆಯ ಕಮಾನು ಸೇತುವೆ ಕಟ್ಟಬಹುದಿತ್ತು, ಆದರೆ ಪ್ರವಾಹದ ಮಟ್ಟ ಒಂದು ಮಿತಿಯೊಳಗಿದ್ದರೆ ಮಾತ್ರ. ಮಿತಿ ಮೀರಿದರೆ ಮುಳುಗು ಸೇತುವೆ. ಎಂದರೆ ಹಳ್ಳದ ತಳಕ್ಕೆ ಕಲ್ಲು ಹಾಸಿ ಕೈತೊಳೆದುಕೊಳ್ಳುವುದು. ಬೇಸಿಗೆಯಲ್ಲಿ ಅದರ ಮೇಲೆ ಚೆನ್ನಾಗಿ ಓಡಾಡಬಹುದು. ಬೇಸಿಗೆಯಲ್ಲಿ ಅದಿಲ್ಲದೆಯೂ ಓಡಾಡಬಹುದು.

ಮಟ್ಟ ಕಂಡುಹಿಡಿಯುವ ಕೆಲಸ ನನ್ನದಾಯಿತು. ಅದಕ್ಕೆ ನನ್ನ ಹತ್ತಿರ ಒಂದು ಉಪಾಯವಿತ್ತು. ಕೊರವಂಗಲದ ನನ್ನ ಸೋದರಮಾವನ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಅಗೆದ ಕಣಜ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ಸಗಣಿಯಲ್ಲಿ ಸಾರಿಸಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಮ್ಮೆ ಪ್ರವಾಹದ ನೀರು ಕುಡಿದ ಹಗೇವಿಗೆ ಮತ್ತೆ ಯಾರೂ ರಾಗಿ ಹಾಕುವುದಿಲ್ಲ. ಗೋಡೆಗೆ ಹತ್ತಿದ ಮುಗ್ಗಲು ವಾಸನೆ ಹೋಗುವುದೇ ಇಲ್ಲ. ಮನುಷ್ಯನ ನೆನಪಿನ ಹಾಗೆ ಹಗೇವು ವರ್ಷವರ್ಷಕ್ಕೆ ಎತ್ತರ ಬೆಳೆಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಬಂದಿದ್ದ ಮಹಾ ಪ್ರವಾಹದಲ್ಲಿ ಯಾವ ಹಗೇವು ನೆನೆಯಿತು, ಯಾವುದು ಉಳಿಯಿತು ಎಂದು ತಿಳಿದರೆ ಸಾಕು, ಗೆರೆ ತಾನಾಗಿ ಸಿಗುತ್ತದೆ. ಬಹಳ ಜಾಣತನದ ಉಪಾಯ ಎಂದುಕೊಂಡು, ಅಳತೆಕೋಲು ಹಿಡಿಯುವ ಸಿದ್ದಯ್ಯನನ್ನು ಕರೆದುಕೊಂಡು ಹೋದೆ.

ಚಾವಡಿಯಲ್ಲಿ ಊರೆಲ್ಲ ಸೇರಿತ್ತು. "ಗೌಡರೇ, ನಿಮ್ಮ ಹಗೇವು ಎಲ್ಲಿದೆ? ಆ ವರ್ಷ ನೀರು ಹೋಗಿತ್ತೇ?" ಎಂದು ಪಟೇಲರಿಂದಲೇ ಶುರುಮಾಡಿದೆ.

"ಹಗೇವಾ? ಅದು ಆವತ್ತೇ ನೀರು ಕುಡ್ದು ಆಳಾಯ್ತು ಬುಡಿ ಸಾ. ಮುಚ್ಚಾಕ್ಬುಟ್ಟೊ."

ಮುಂದಿನವರದೂ ಹಾಳಾಗಿತ್ತು. ಅದರ ಮುಂದಿನವರದೂ. ದಿಣ್ಣೆಯ ಮೇಲಿನ ಮನೆಯವನೊಬ್ಬ ತನ್ನದು ಗುಡಿಯ ಹಿಂದೆ ಇತ್ತೆಂದೂ ಅದೂ ಹೋಯಿತೆಂದೂ ಹೇಳಿದ.

"ಗುಡಿಯ ಹಿಂದೆಯೇ? ಹಾಗಾದರೆ ನೀರು ದೇವರ ತಲೆಯ ಮೇಲೆ ಹರಿದಿರಬೇಕಲ್ಲ?"

"ಅರೀತು ಸಾ. ದೇವರಲ್ವಾ, ತಡ್ಕಂಡ."

"ನೀವು?"

"ನಮ್ನೂ ಅವ್ನೇ ತಡ್ದ."

ಯಾರೂ ನಗಲಿಲ್ಲ. ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಗುಡಿಯ ಹಿಂದಿನ ನೆಲದ ಮಟ್ಟ ತೆಗೆದು ಲೆಕ್ಕ ಹಾಕಿದರೆ, ಅಷ್ಟು ನೀರು ಬಂದಿದ್ದರೆ ಹೊಳೆನರಸೀಪುರದ ಪೇಟೆ ಉಳಿಯುವ ಹಾಗಿರಲಿಲ್ಲ. "ನನ್ನ ಮನೆ ಆ ಪೇಟೆಯಲ್ಲೇ ಇರೋದು ಸಾ, ಅಜ್ಜನ ಕಾಲದ್ದು, ನೆಂದ ಗುರುತೇ ಇಲ್ಲ" ಎಂದ ಸಿದ್ದಯ್ಯ.

ನೇರವಾಗಿ ಪಟೇಲರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತಿದ್ದರು.

"ಗೌಡರೇ, ನೀವೆಲ್ಲ ಹೇಳಿದ್ದನ್ನು ಬರೆದರೆ ನಿಮಗೆ ಸೇತುವೆ ಬರುವುದಿಲ್ಲ."

"ಯಾಕ್ ಸಾ? ನೀರು ಜಾಸ್ತಿ ಬಂದ್ರೆ ದೊಡ್ಡ ಸೇತುವೆ ಕೊಡಲ್ವಾ?"

"ಕೊಡುವುದಿಲ್ಲ. ಇಷ್ಟು ಎತ್ತರಕ್ಕೆ ಈಗ ಯಾರೂ ಕಟ್ಟುವುದಿಲ್ಲ. ಹಳ್ಳದ ತಳಕ್ಕೆ ಕಲ್ಲು ಹಾಸಿ ಹೋಗುತ್ತಾರೆ. ಮಳೆ ಬಂದರೆ ಅದೂ ಮುಳುಗುತ್ತದೆ."

ಗೌಡರು ಗೋಡೆ ನೋಡಿದರು. ಬಾಗಿಲಲ್ಲಿ ಅವರ ತಾಯಿ ಪುಟ್ಟತಾಯಮ್ಮ ಹಳ್ಳಪ್ಪನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದರು.

"ಏನ್ಲಾ ನಂಜ, ಇದ್ಕೇ ಏನ್ಲಾ ಊರಿಗೆಲ್ಲಾ ಒಂದೇ ಪಾಠ ಯೋಳ್ಕೊಟ್ಟಿದ್ದು?"

"ನೀ ಸುಮ್ಕಿರವ್ವ."

"ಸುಮ್ಕಿರ್ತೀನಿ ಕಣ್ಲಾ. ನಿನ್ನ ಎಂಡ್ರಿಗೆ ಇನ್ನೊಂದು ಆಗೋ ವತ್ಗೆ ಗಾಡಿ ಕಟ್ಕಂಡು ನೀನೇ ಓಗಿ ದಡದಲ್ಲಿ ಕೂತ್ಕ. ಸೂಲಗಿತ್ತಿನೂ ನೀನೇ ಆಗು." ಆಮೇಲೆ ನನ್ನ ಕಡೆ ತಿರುಗಿದರು. "ಓದ್ ತಿಂಗ್ಳು ಒಬ್ಬ ನಿನ್ನಂಗೇ ಖಾಕಿ ಚಡ್ಡಿ ತೊಟ್ಕಂಡು ಬಂದಿದ್ದ ಕಣಪ್ಪ. ಅವ್ನೂ ಇದ್ನೇ ಕೇಳ್ದ. ಹಗೇವು ಎಲ್ಲೈತೆ, ಹಗೇವು ಎಲ್ಲೈತೆ ಅಂತ."

ಆಗ ಅರ್ಥವಾಯಿತು. ಯುದ್ಧದ ದಿನಗಳಲ್ಲಿ ಸರ್ಕಾರ ತಾನು ಗೊತ್ತು ಮಾಡಿದ ಬೆಲೆಗೆ ರೈತರ ದವಸದಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತಿತ್ತು. ಅದಕ್ಕೆ ಲೆವಿ ಎನ್ನುತ್ತಿದ್ದರು. ವರ್ಷದ ಅನ್ನ ಎಲ್ಲಿ ಹೋಗುತ್ತದೋ ಎಂದು ಹೆದರಿ ಊರು ತನ್ನ ಹಗೇವುಗಳನ್ನೆಲ್ಲ ಬಾಯಿಮಾತಿನಲ್ಲಿ ಮುಳುಗಿಸಿಬಿಟ್ಟಿತ್ತು. ಉಳಿದ ಹಗೇವು ಎಂದರೆ ತುಂಬಿದ ಹಗೇವು. ಅದನ್ನು ತೋರಿಸಿದರೆ ರಾಗಿ ಹೋಗುತ್ತದೆ, ತೋರಿಸದಿದ್ದರೆ ಸೇತುವೆ ಹೋಗುತ್ತದೆ.

"ನಿಂಗೆ ಬೇಕಾಗಿರೋದು ನೀರು ಎಲ್ಲಿಗಂಟ ಬಂತು ಅನ್ನೋದಾ, ರಾಗಿ ಎಲ್ಲೈತೆ ಅನ್ನೋದಾ?" ಎಂದು ಪುಟ್ಟತಾಯಮ್ಮ ಕೇಳಿದರು.

"ನೀರು ಮಾತ್ರ, ತಾಯಿ."

"ಅಂಗಾದ್ರೆ ನಾಳೆ ಬಾ. ನಾವು ನಿಂತ್ಕತೀವಿ. ಆವತ್ತು ನೆಂದಿದ್ದೋರು ಕೂತ್ಕತಾರೆ. ಯಾಕ್ ನಿಂತ್ರಿ ಅಂತ ಮಾತ್ರ ಕೇಳ್ಬ್ಯಾಡ."

ಮರುದಿನ ನೋಡಿದ ದೃಶ್ಯವನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಜನ ಜಾಸ್ತಿಯಾಗುತ್ತಾರೆ, ಅದಕ್ಕೇ ಸಂಖ್ಯೆ ಬರೆಯುವುದಿಲ್ಲ. ಹಿತ್ತಿಲಲ್ಲಿ, ಬೀದಿಯ ನಡುವೆ, ಕಣದ ಅಂಚಿನಲ್ಲಿ, ತಿಪ್ಪೆಯ ಪಕ್ಕದಲ್ಲಿ ಒಬ್ಬೊಬ್ಬರು ಕಾರಣವೇ ಇಲ್ಲದೆ ನೆಟ್ಟ ಕಂಬದ ಹಾಗೆ ನಿಂತಿದ್ದಾರೆ. ಕೆಳಗೆ ಹಳ್ಳದ ಕಡೆ ಕೆಲವರು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಯಾರೂ ಯಾರನ್ನೂ ನೋಡುತ್ತಿಲ್ಲ. ನಾನು ಲೆವೆಲ್ ಯಂತ್ರ ಹೂಡಿ ಕಣ್ಣಿಟ್ಟೆ. ಸಿದ್ದಯ್ಯ ಅಳತೆಕೋಲು ಹೊತ್ತು ಒಬ್ಬೊಬ್ಬರ ಕಾಲ ಹತ್ತಿರವೂ ಇಟ್ಟು ನಡೆದ.

ನಡುವೆ ಒಂದು ಗಲಾಟೆ. ಬಸವೇಗೌಡ, ಚಿಕ್ಕೇಗೌಡ ಎಂಬ ಇಬ್ಬರು ಅಣ್ಣತಮ್ಮಂದಿರು. ಪಾಲಾಗಿ ಬೇರೆಯಾಗಿದ್ದರು. ತಮ್ಮನಾದ ಚಿಕ್ಕೇಗೌಡ ದನದ ಕೊಟ್ಟಿಗೆಯ ಮುಂದೆ ನಿಂತಿದ್ದ. ಅಣ್ಣ ಅದನ್ನು ಕಂಡ.

"ನೀನ್ಯಾಕ್ಲಾ ಅಲ್ಲಿ ನಿಂತೆ? ಪಾಲು ಆಗೋವಾಗ ಇದು ಯೋಳ್ಲೇ ಇಲ್ವಲ್ಲಾ."

"ಕಾಲು ನೋಯ್ತದೆ, ನಿಂತಿವ್ನಿ."

"ಕಾಲು ನೋಯ್ತಿದ್ರೆ ಕೂತ್ಕಳಾ."

ತಮ್ಮ ಕೂರಲಿಲ್ಲ. ಅಣ್ಣ ಹಲ್ಲು ಕಚ್ಚಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತ.

ಸಂಜೆ ಅಂಕಿಗಳನ್ನು ಜೋಡಿಸಿದಾಗ ನನಗೇ ನಂಬಿಕೆಯಾಗಲಿಲ್ಲ. ಕುಳಿತವರಲ್ಲಿ ಎಲ್ಲರಿಗಿಂತ ಮೇಲಿದ್ದವನಿಗೂ ನಿಂತವರಲ್ಲಿ ಎಲ್ಲರಿಗಿಂತ ಕೆಳಗಿದ್ದವನಿಗೂ ನಡುವೆ ಒಂದು ಗೇಣಿನಷ್ಟು ಅಂತರ. ಪ್ರವಾಹ ಬಂದು ನಿಂತದ್ದು ಆ ಗೇಣಿನೊಳಗೆ. ಕಮಾನಿನ ಮಿತಿಗಿಂತ ಅದು ಸಾಕಷ್ಟು ಕೆಳಗಿತ್ತು. ವರದಿಯಲ್ಲಿ ಆಧಾರ ಎಂಬ ಕಡೆ 'ಸ್ಥಳೀಯ ವಿಚಾರಣೆ' ಎಂದಷ್ಟೇ ಬರೆದೆ. ಆ ಮಾತು ಬಹಳ ಅಗಲವಾದದ್ದು, ಅದರಡಿ ಒಂದು ಊರೇ ಅವಿತುಕೊಳ್ಳಬಹುದು.

ಅಗಲವಾದ ಮಾತುಗಳು ಸಾಹೇಬರಿಗೆ ಆಗುತ್ತಿರಲಿಲ್ಲ. ಸ್ವತಃ ನೋಡುತ್ತೇನೆ ಎಂದು ಹೊರಟರು. ಪೆಟ್ರೋಲಿಗೆ ರೇಷನ್ ಇದ್ದ ಕಾಲ, ಕಾರು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುತ್ತಿತ್ತು. ಅಧಿಕಾರಿಗಳು ಒಂದೇ ಕಾರಿನಲ್ಲಿ ಹಂಚಿಕೊಂಡು ಹೋಗುವುದು ವಾಡಿಕೆ. ಆ ದಿನ ಸಾಹೇಬರ ಪಕ್ಕದಲ್ಲಿ ಕುಳಿತು ಬಂದವರು ಅಮಲ್ದಾರರು. ಆ ಭಾಗದ ಲೆವಿ ಅವರ ಕೈಯಲ್ಲಿತ್ತು.

ಅವರು ಇಳಿಯುವುದನ್ನು ಕಂಡು ನಂಜೇಗೌಡರ ಮುಖ ಬಿಳುಪೇರಿತು. ಮೊದಲೇ ಹೇಳಿದ್ದರಿಂದ ಜನ ತಂತಮ್ಮ ಜಾಗದಲ್ಲಿ ನಿಂತಿದ್ದರು. ಈಗ ಕದಲುವ ಹಾಗೂ ಇಲ್ಲ.

"ಈ ಮಟ್ಟಕ್ಕೆ ಆಧಾರ ಏನು?" ಎಂದರು ಸಾಹೇಬರು, ಬಹಳ ಮೆತ್ತಗೆ. "ಇಲ್ಲೇ ಯಾಕೆ ಅಳೆದಿರಿ? ಇಲ್ಲಿ ಏನಿದೆ?"

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ನೆನಪಿಲ್ಲ. ಪುಟ್ಟತಾಯಮ್ಮ ಮುಂದೆ ಬಂದರು.

"ಆ ವರ್ಷ ನೀರು ಬಂದಾಗ ನಾನು ನಿಂತಿದ್ ಜಾಗ ಬುದ್ಧಿ ಇದು. ನನ್ನ ಪಾದಕ್ಕೆ ಮುಟ್ಟಲಿಲ್ಲ. ಅಗೋ, ಅಲ್ಲಿ ಕೂತವ್ರಲ್ಲ, ಅವ್ರ ಮನೇರೆಲ್ಲಾ ನೆಂದ್ರು."

"ಇವರೆಲ್ಲ?"

"ಅವ್ರೂ ನಿಂತಿದ್ರು."

ಸಾಹೇಬರು ಚಿಕ್ಕೇಗೌಡನ ಹತ್ತಿರ ಹೋದರು. "ನಿನಗೆಷ್ಟು ವಯಸ್ಸು? ಆ ಪ್ರವಾಹ ಬಂದಾಗ ನೀನು ಹುಟ್ಟೇ ಇರಲಿಲ್ಲ."

ಎಲ್ಲರೂ ಬಸವೇಗೌಡನ ಕಡೆ ನೋಡಿದರು. ಆ ಹಗೇವಿನ ವಿಷಯಕ್ಕೆ ತಮ್ಮನ ಮೇಲೆ ಉರಿಯುತ್ತಿದ್ದವನು ಅವನು. ಒಂದು ಮಾತು ಸಾಕಾಗಿತ್ತು. ಅವನು ತಮ್ಮನ ಕಾಲಡಿಯ ನೆಲವನ್ನು ನೋಡಿದ, ಅಮಲ್ದಾರರನ್ನು ನೋಡಿದ.

"ನಮ್ಮವ್ವ ನಿಂತಿದ್ಲು ಸಾ" ಎಂದ. "ಇವ್ನು ಒಟ್ಟೇಲಿದ್ದ. ನಾನು ಅವ್ಳ ಸೆರಗು ಇಡ್ಕಂಡು ಪಕ್ಕದಲ್ಲಿದ್ದೆ."

ಅಮಲ್ದಾರರು ತಮ್ಮ ಬೂಟಿನ ಕೆಳಗೆ ನೋಡಿಕೊಂಡರು. "ಈ ಊರಲ್ಲಿ ಬಯಲನ್ನೂ ಸಗಣಿಯಿಂದ ಸಾರಿಸ್ತಾರಲ್ಲ" ಎಂದರು.

"ದೊಡ್ಡೋರು ಬತ್ತೀರಿ ಅಂತ ಬುದ್ಧಿ" ಎಂದರು ಪುಟ್ಟತಾಯಮ್ಮ.

ಅಮಲ್ದಾರರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ನನಗೆ ಖಂಡಿತ ಗೊತ್ತಿರುವುದು, ಎಂದರೆ ಕೆಳಗಿನ ಗೆರೆ, ಅಷ್ಟೇ. ಅವರು ನಕ್ಕರು, ನನಗೆ ಕಣ್ಣು ಮಿಟುಕಿಸಿದರು ಎಂದು ಮುಂದೆ ಸಿದ್ದಯ್ಯ ಹೇಳುತ್ತಿದ್ದದ್ದು ಮೇಲಿನ ಗೆರೆ.

ಸಾಹೇಬರು ನನ್ನ ನಕ್ಷೆಯನ್ನು ಕಾರಿನ ಮೂತಿಯ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ನಿಂತವರ ಅಂಕಿಗಳ ಮೇಲೆ ಬೆರಳಾಡಿಸಿದರು, ಕುಳಿತವರ ಮೇಲೆ ಆಡಿಸಿದರು. "ಇವರು ಹೇಳುವ ಕಥೆ ನನಗೆ ಬೇಡ" ಎಂದರು. "ಈ ಊರಿನ ನೆಲ ಹೇಗೆ ತಿರುಚಿಕೊಂಡಿದೆ ನೋಡಿ. ಯಾವುದು ಎತ್ತರ, ಯಾವುದು ತಗ್ಗು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಅಂಥಲ್ಲಿ ನಿಂತವರೆಲ್ಲ ಒಂದು ಮಟ್ಟದ ಮೇಲೆ, ಕುಳಿತವರೆಲ್ಲ ಅದೇ ಮಟ್ಟದ ಕೆಳಗೆ. ಯಂತ್ರವಿಲ್ಲದೆ ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಯಾರಿಗೂ ಸಾಧ್ಯವಿಲ್ಲ." ಅಲ್ಲೇ ಸಹಿ ಹಾಕಿದರು. ಅವರ ಸೂತ್ರ ಅಲ್ಲಿಗೆ ಎಷ್ಟು ಕೊಡುತ್ತಿತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೊಸಬರಿಗೆ ಈ ಕಥೆ ಹೇಳುವುದು ಆ ತರ್ಕಕ್ಕಾಗಿ. ಸಾಕ್ಷಿಯ ಬಾಯಿ ಏನು ಹೇಳಿತು ಎನ್ನುವುದನ್ನು ಬರೆದುಕೊಳ್ಳಿ, ಆದರೆ ಅವನ ಕಾಲು ಎಲ್ಲಿದೆ ಎನ್ನುವುದನ್ನು ಅಳೆಯಿರಿ.

ಕಮಾನು ಸೇತುವೆ ಎದ್ದಿತು. ಗಾರೆ ಅರೆಯುವುದಕ್ಕೆ ಊರಿನ ಎತ್ತುಗಳೇ ಬಂದವು. ಅದು ಮುಗಿದ ಮಳೆಗಾಲದಲ್ಲಿ ಹಳ್ಳ ದಡ ಮೀರಿ ಬಂದು ಕಮಾನಿನ ಭುಜದವರೆಗೂ ಏರಿ, ಅಲ್ಲಿಂದ ಇಳಿಯಿತು. ಮುಂದಿನ ಆಷಾಢದಲ್ಲಿ ನಂಜೇಗೌಡರ ಹೆಂಡತಿಯ ಗಾಡಿ ಕೆಂಪು ನೀರಿನ ಮೇಲೆ ನಿಲ್ಲದೆ ದಾಟಿ, ಹೆಣ್ಣುಮಗು ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಹುಟ್ಟಿತು. ಅದಕ್ಕೆ ಒಂದು ಸರಿಯಾದ ಹೆಸರು ನಿಂತಿತು.

ಸುದ್ದಿ ಕೇಳಿ ಆ ಕಡೆ ಹೋದಾಗ ಪುಟ್ಟತಾಯಮ್ಮ ಸೇತುವೆಯ ಮೋಟುಗೋಡೆಯ ಮೇಲೆ ಕುಳಿತು ಬಿಸಿಲು ಕಾಯುತ್ತಿದ್ದರು. ಯುದ್ಧ ಮುಗಿದಿತ್ತು, ಲೆವಿ ಮುಗಿದಿರಲಿಲ್ಲ. ಅಮಲ್ದಾರರು ಬದಲಾಗಿದ್ದರು.

"ಸೇತುವೆ ಹೇಗಿದೆ ತಾಯಿ?" ಎಂದೆ.

"ಚೆಂದಾಗೈತೆ ಕಣಪ್ಪ. ಮೊದ್ಲೆಲ್ಲಾ ಮಳೆ ಹಿಡಿದ್ರೆ ಲೆವಿಯೋರ ಗಾಡಿ ಈ ಕಡೆ ತಲೆ ಹಾಕ್ತಿರ್ಲಿಲ್ಲ. ಈಗ ನೀನು ಕಟ್ಕೊಟ್ಟಿದ್ದೀಯಲ್ಲ, ಆಷಾಢ ಅಂತಿಲ್ಲ, ಶ್ರಾವಣ ಅಂತಿಲ್ಲ, ನೆಟ್ಟಗೆ ಬಂದ್ರು. ನೆಲ ಕುಟ್ಟಿ ಕುಟ್ಟಿ ನೋಡುದ್ರು, ಒಂದು ಪಾಲು ತಕ್ಕಂಡೇ ಓದ್ರು. ಈ ಸೇತುವೆ ಮೇಲೆ ಮೊದ್ಲು ದಾಟಿದ್ದು ನಮ್ಮ ರಾಗಿನೇ."

ಕಮಾನಿನ ಕೆಳಗೆ ನೀರು ಸದ್ದು ಮಾಡುತ್ತಿತ್ತು. ಅಜ್ಜಿ ಅದನ್ನೊಮ್ಮೆ ಬಗ್ಗಿ ನೋಡಿದರು.

"ಓಗ್ಲಿ ಬುಡು" ಎಂದರು. "ನೆನೀದಂಗೆ ಓಯ್ತಲ್ಲ."